ಹಳೇ ಸಾಮಾನು, ಹೊಸ ಬೆಲೆ: ಈ ಸಲ ಲಿವರ್ ಬಂದೂಕುಗಳು

ಹೋದ ಸಂಚಿಕೆಯಲ್ಲಿ ಹಳೇ ಬಂದೂಕುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಕಾಗದಗಳು ಬರತೊಡಗಿದವು. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬೇಟೆಗಾರನಲ್ಲ, ಬಂದೂಕು ರಿಪೇರಿ ಮಾಡುವವನೂ ಅಲ್ಲ. ಮುಂಬೈ ಫೋರ್ಟಿನ ಒಂದು ಬಂದೂಕಿನ ಅಂಗಡಿಯಲ್ಲಿ ರಿಜಿಸ್ಟರ್ ಬರೆದು ನಿವೃತ್ತನಾಗಿ ಈಗ ಚಿಂಚವಾಡದಲ್ಲಿ ಇದ್ದೇನೆ. ಬಂದೂಕು ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ನಂಬರಿನ ಮೇಲೆ. ಅಂದಚಂದ ಎಲ್ಲ ಆಮೇಲೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಒಹಾಯೋದಲ್ಲಿ ಕೆಲಸದಲ್ಲಿದ್ದಾನೆ. ಪಕ್ಕದ ಮನೆಯ ಅಜ್ಜ ತೀರಿಕೊಂಡ ಮೇಲೆ ಅವರ ಮನೆಯವರಿಂದ ವಿಂಚೆಸ್ಟರ್ 9422 ಎಂಬ .22 (ಸಣ್ಣ ತೋಟಾದ) ಬಂದೂಕನ್ನು 500 ಡಾಲರಿಗೆ ತೆಗೆದುಕೊಂಡ. ಈಗ ಎರಡು ಪಟ್ಟು ಕೊಡುತ್ತೇವೆ ಎಂದು ಜನ ಬರುತ್ತಿದ್ದಾರಂತೆ. ಅಳಿಲು ಹೊಡೆಯುವ ಬಂದೂಕಿಗೆ ಇಷ್ಟು ಬೆಲೆ ಯಾಕೆ? ಮಾರು ಅನ್ನಲೋ, ಇಟ್ಟುಕೋ ಅನ್ನಲೋ?
(ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ)

ಬೆಲೆಯ ಮಾತು ಆಮೇಲೆ ಸ್ವಾಮಿ. ಮಗನ ವೀಸಾ ಯಾವುದು? ಅದನ್ನು ನೀವು ಬರೆದೇ ಇಲ್ಲ. ಗ್ರೀನ್ ಕಾರ್ಡ್ ಇದ್ದರೆ ಈ ಚಿಂತೆ ಬೇಡ. ಎಚ್-1ಬಿ, ಎಲ್-1 ಥರದ ವೀಸಾದಲ್ಲಿ ಇದ್ದರೆ ಬಂದೂಕು ಇಟ್ಟುಕೊಳ್ಳುವುದನ್ನೇ ಅಲ್ಲಿನ ಕೇಂದ್ರ ಕಾನೂನು ತಡೆಯುತ್ತದೆ. ಕೆಲವು ವಿನಾಯಿತಿಗಳಿವೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ಅಂಗಡಿಯವನು ಕೇಳಲಿಲ್ಲ, ನೆರೆಮನೆಯವರು ಕೊಟ್ಟರು ಅಂದರೆ ಕೇಸಿನಲ್ಲಿ ನಡೆಯುವುದಿಲ್ಲ. ಈ ವಾರವೇ ಫೋನ್ ಮಾಡಿ ಕೇಳಿ. ಅನುಮಾನ ಇದ್ದರೆ ಅಲ್ಲಿನ ವಕೀಲರನ್ನು ನೋಡಲಿ. ಡಾಲರಿನ ಲಾಭಕ್ಕಿಂತ ವೀಸಾ ದೊಡ್ಡದು, ಅಲ್ವಾ?

ಈಗ ಬೆಲೆಗೆ ಬರೋಣ. 9422 ಶುರುವಾಗಿದ್ದು 1972ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಕಾರ್ಖಾನೆಯಲ್ಲಿ. ಕೌಬಾಯ್ ಸಿನಿಮಾಗಳಲ್ಲಿ ಕೆಳಗಿನ ಲಿವರನ್ನು ಟಕ್ ಟಕ್ ಎಂದು ಆಡಿಸುತ್ತಾರಲ್ಲ, ಅದೇ ವಿಂಚೆಸ್ಟರ್ 94ರ ಅಚ್ಚು. ಗಾತ್ರ ಕೊಂಚ ಸಣ್ಣದು, ತೋಟಾ .22. ಕೊಳವೆಯಲ್ಲಿ 15 ಲಾಂಗ್ ರೈಫಲ್ ತೋಟಾ ಹಿಡಿಯುತ್ತದೆ. ಸಣ್ಣ ಸೈಜಿನ ಶಾರ್ಟ್ ಆದರೆ 21. ನಡುವಿನ ಸೈಜಾದ ಲಾಂಗ್ ಸೇರಿ ಮೂರನ್ನೂ ಬೆರೆಸಿ ಹಾಕಿದರೂ ತಕರಾರಿಲ್ಲದೆ ನುಂಗುತ್ತದೆ. ಹೆಚ್ಚು ಬಲದ ಮ್ಯಾಗ್ನಂ ತೋಟಾದ್ದಕ್ಕೆ 9422ಎಂ ಎಂದು ಹೆಸರು. 2005ರಲ್ಲಿ ಕಂಪನಿ ಇದನ್ನು ನಿಲ್ಲಿಸಿತು. ನಿಲ್ಲಿಸುವಾಗ ಟ್ರಿಬ್ಯೂಟ್ ಎಂಬ ಕೊನೇ ಕಂತು ತಂದರು, ಮಾಡೆಲ್ ನಂಬರಿಗೆ ಸರಿಯಾಗಿ 9,422 ಬಂದೂಕು. ಮರುವರ್ಷ ಮಾರ್ಚ್ ಕೊನೆಗೆ ಕಾರ್ಖಾನೆಗೇ ಬೀಗ ಬಿತ್ತು.

ಹಾಗಂತ ಇದು ಅಪರೂಪದ ವಸ್ತುವಲ್ಲ. ಲಕ್ಷಗಟ್ಟಲೆ ಮಾಡಿದ್ದಾರೆ. ಅಪರೂಪವಲ್ಲದ್ದಕ್ಕೆ ಯಾಕೆ ಈ ಬೆಲೆ ಎಂದರೆ, ಇವತ್ತು ಅದನ್ನು ಅದೇ ಥರ ಮಾಡಿದರೆ ಯಾರಿಗೂ ಗಿಟ್ಟುವುದಿಲ್ಲ. ಬಡಿದು ಹದ ಮಾಡಿದ ಉಕ್ಕಿನ ಗಟ್ಟಿಯನ್ನು ಮಿಷಿನ್‌ನಲ್ಲಿ ಕೊರೆದು ಕೊರೆದು ಒಡಲು ಮಾಡುತ್ತಿದ್ದರು. ಮೇಲೆ ವಾಲ್‌ನಟ್ ಮರ. .22 ಅಂದರೆ ಹುಡುಗರ ಬಂದೂಕು, ಅಗ್ಗವಾಗಿರಬೇಕು ಎಂಬುದು ಗಿರಾಕಿಯ ಲೆಕ್ಕ. ಆದರೆ ಕೆಲಸ ಮಾತ್ರ ದೊಡ್ಡ ಬಂದೂಕಿನಷ್ಟೇ. ಹೆನ್ರಿ ಕಂಪನಿಯವರು 1997ರಿಂದ ಜಿಂಕ್ ಮಿಶ್ರಲೋಹದ ಒಡಲಿನ ಲಿವರ್ .22 ಮಾಡಿ ತುಂಬಾ ಕಡಿಮೆಗೆ ಮಾರಿದರು. ಅದೂ ಚೆನ್ನಾಗಿಯೇ ಹೊಡೆಯುತ್ತದೆ, ಸುಮ್ನೆ ಹೀಗಳೆಯಬಾರದು. ಬ್ರೌನಿಂಗ್ ಕಂಪನಿಯ ಬಿಎಲ್-22 ಜಪಾನಿನ ಮಿರೋಕು ಕಾರ್ಖಾನೆಯಿಂದ ಬಂತು. ಅದರ ಲಿವರ್ 33 ಡಿಗ್ರಿ ತಿರುಗಿದರೆ ಸಾಕು, ಬೆರಳು ಕುದುರೆಯ (ಟ್ರಿಗರಿನ) ಹತ್ತಿರವೇ ಇರುತ್ತದೆ. ಅಂದರೆ ಲಿವರ್ .22 ಬೇಕೆಂದವನಿಗೆ ದಾರಿ ಇತ್ತು. ಆದರೂ ಹಳೆಯದಕ್ಕೆ ಜಾಸ್ತಿ ಕೊಡುತ್ತಾನೆ ಅಂದರೆ ಅವನಿಗೆ ಬೇಕಾದ್ದು ಆ ಉಕ್ಕು, ಆ ಮರ, ಚಿಕ್ಕಂದಿನಲ್ಲಿ ಪಕ್ಕದ ಮನೆ ಹುಡುಗನ ಕೈಯಲ್ಲಿ ಕಂಡ ಆ ಬಂದೂಕು.

ನಮ್ಮ ಎಚ್‌ಎಂಟಿ ಜನತಾ ವಾಚು ನೆನಪು ಮಾಡಿಕೊಳ್ಳಿ. ಇದ್ದಾಗ ಸೋದರಮಾವ ಮದುವೆಗೆ ಕೊಡುವ ವಾಚು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ ಮೇಲೆ ಅದೇ ವಾಚಿಗೆ ಚೋರ್ ಬಜಾರಿನಲ್ಲಿ ಭಾರೀ ಮರ್ಯಾದೆ. ವಾಚು ಬದಲಾಗಿಲ್ಲ. ಅವತ್ತು ಬೇಕೆಂದು ಆಸೆಪಟ್ಟ ಹುಡುಗನಿಗೆ ಈಗ ಪಿಂಚಣಿ ಬರುತ್ತಿದೆ, ಅಷ್ಟೇ. ಅಮೆರಿಕದಲ್ಲೂ ಇದೇ ಕಥೆ. ಸಾಲದ್ದಕ್ಕೆ 2020ರಲ್ಲಿ ಅಲ್ಲಿ ಬಂದೂಕಿನ ಖರೀದಿ ದಾಖಲೆ ಮುಟ್ಟಿತು. ಹೊಸದು ಸಿಗದವರು ಹಳೆಯದಕ್ಕೆ ಕೈ ಹಾಕಿದರು. ಒಳ್ಳೆಯ ಸ್ಥಿತಿಯ 9422 ಸಾವಿರ ಡಾಲರ್ ದಾಟುವುದು ಈಗ ಮಾಮೂಲು.

ಮಾರುವುದೋ ಬಿಡುವುದೋ? ಹುಡುಗ ಅದರಲ್ಲಿ ಗುರಿ ಹೊಡೆದು ಖುಷಿಪಡುತ್ತಿದ್ದರೆ ಇಟ್ಟುಕೊಳ್ಳಲಿ. ಬೆಲೆ ಇನ್ನೂ ಏರುತ್ತದೆ ಎಂದು ಕಪಾಟಿನಲ್ಲಿ ಇಡುವುದಾದರೆ ಮಾರಲಿ. ಏರುತ್ತಲೇ ಇರುತ್ತದೆ ಎಂದು ಬರೆದುಕೊಡುವವರು ಯಾರೂ ಇಲ್ಲ. ಮಾರುವ ಮೊದಲು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಬೇಕು, ಕೇಳುತ್ತಿರುವ ಬೆಲೆಯನ್ನಲ್ಲ. ಎರಡು ಸಾವಿರ ಕೇಳುವವರು ಬಹಳ ಜನ, ಕೊಟ್ಟವನು ಒಬ್ಬ. ಇನ್ನು, ಬೇರೆ ರಾಜ್ಯದವನಿಗೆ ಮಾರುವುದಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ಅದು ಅಲ್ಲಿನ ಕಾನೂನು.

ಪ್ರಶ್ನೆ: ಅಣ್ಣನ ಮಗ ನ್ಯೂಜೆರ್ಸಿಯಿಂದ ಎರಡು ಬಂದೂಕಿನ ಫೋಟೊ ಕಳಿಸಿ, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ್ದಾನೆ. ಎರಡೂ ಮಾರ್ಲಿನ್ 39ಎ. ಒಂದು ಮಿರಿಮಿರಿ ಹೊಳೆಯುತ್ತದೆ, ಇನ್ನೊಂದು ಹಳತಾಗಿ ಕಾಣುತ್ತದೆ. ಹೊಳೆಯುವುದು ಅಗ್ಗ! ಇದೇನು?
(ಹೋಟೆಲ್ ಮಾಲೀಕರು, ವಾಶಿ)

ಅಣ್ಣಾ, ಹೊಳೆಯುವುದೇ ರೋಗ. ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ನಳಿಗೆಯ ಮೇಲಿನ ಅಕ್ಷರಗಳು ಒಂದು ಕಡೆ ಆಳ, ಒಂದು ಕಡೆ ಮಾಸಿವೆ. ಒಡಲಿನ ಅಂಚು ಚೂಪಾಗಿರಬೇಕಾದಲ್ಲಿ ಗುಂಡಗಾಗಿದೆ. ಸ್ಕ್ರೂ ತಲೆಯ ಗೀರು ಅಗಲವಾಗಿ ಕಿತ್ತಿದೆ. ಯಾರೋ ಉಜ್ಜಿ, ಮತ್ತೆ ಕಪ್ಪು ಬಣ್ಣ ಏರಿಸಿದ್ದಾರೆ. ಹೊಡೆಯಲು ಅಡ್ಡಿಯಿಲ್ಲ, ಸಂಗ್ರಹಕಾರನಿಗೆ ಮಾತ್ರ ಅದರ ಅರ್ಧ ಜೀವ ಹೋದ ಹಾಗೆ. ಹಳತಾಗಿ ಕಾಣುವ ಇನ್ನೊಂದರಲ್ಲಿ ಲಿವರಿನ ಹೊರ ಅಂಚಿನಲ್ಲಿ, ನಡುವೆ ಎತ್ತಿ ಹಿಡಿಯುವ ಜಾಗದಲ್ಲಿ ಮಾತ್ರ ಬಣ್ಣ ಹೋಗಿದೆ. ಕೈ ತಾಗುವಲ್ಲಿ ಹೋಗಬೇಕಾದ್ದೇ. ಅದೇ ಸಾಚಾ.

ಮಾರ್ಲಿನ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ, ಹೇಳಿಬಿಡುತ್ತೇನೆ. ನಮ್ಮ ಅಂಗಡಿಗೆ ಒಬ್ಬ ಪಾರ್ಸಿ ಗಿರಾಕಿ 39ಎ ತರುತ್ತಿದ್ದರು, ಎಣ್ಣೆ ಹಾಕಿಸಲು. ಬಂದೂಕನ್ನು ಮೇಜಿನ ಮೇಲೆ ಮಲಗಿಸಿ ಜೇಬಿನಿಂದ ಎಂಟಾಣೆ ತೆಗೆಯುವರು. ಒಡಲಿನ ಬಲಗಡೆ ಒಂದು ದಪ್ಪ ಸ್ಕ್ರೂ ಇದೆ, ಅದರ ಗೀರಿಗೆ ನಾಣ್ಯ ಇಟ್ಟು ತಿರುಗಿಸಿದರೆ ಬಂದೂಕು ಎರಡು ಪಾಲು. ಒಂದು ಪಾಲಿನಲ್ಲಿ ನಳಿಗೆ, ಇನ್ನೊಂದರಲ್ಲಿ ಮರದ ಹಿಡಿ. ಎರಡನ್ನೂ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ ಇಡುವರು. ತೋಟಾ ತುಂಬುವುದನ್ನೂ ಒಮ್ಮೆ ವರ್ಲಿಯ ಶೂಟಿಂಗ್ ರೇಂಜಿನಲ್ಲಿ ನೋಡಿದೆ. ನಳಿಗೆಯ ಕೆಳಗಿನ ಕೊಳವೆಯಿಂದ ಒಳಗಿನ ಹಿತ್ತಾಳೆ ಕೊಳವೆಯನ್ನು ಮೇಲಕ್ಕೆಳೆದರು. ತೋಟಾದ ಆಕಾರದಲ್ಲೇ ಕೊರೆದ ಕಿಂಡಿಯೊಳಗೆ ಒಂದೊಂದಾಗಿ ಬಿಟ್ಟರು. ಪ್ರತಿಯೊಂದೂ ಸುಯ್ಯೆಂದು ಜಾರಿ ಕೆಳಗೆ ಟಿಕ್ ಎನ್ನುತ್ತಿತ್ತು. ಲಾಂಗ್ ರೈಫಲ್ ಆದರೆ 19 ಹಿಡಿಯುತ್ತದೆ.

ಅದರ ವಂಶ 1891ರ ಮಾರ್ಲಿನ್‌ನಿಂದ ಬಂದಿದ್ದು. 39ಎ ಎಂಬ ಹೆಸರು 1939ರಿಂದ. 1988ರಿಂದ ಒಡಲಿನಲ್ಲಿ ಅಡ್ಡ ಒತ್ತುವ ಸೇಫ್ಟಿ ಗುಂಡಿ ಬಂತು. ಗುಂಡಿ ಇಲ್ಲದ ಹಳೆಯದಕ್ಕೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. 2007ರ ಕೊನೆಗೆ ಕಂಪನಿ ರೆಮಿಂಗ್ಟನ್ ಕೈಗೆ ಹೋಗುವ ಮಾತಾಯಿತು, 2011ರಲ್ಲಿ ನಾರ್ತ್ ಹೇವನ್ ಕಾರ್ಖಾನೆ ಮುಚ್ಚಿತು. ಆ ಕಾರ್ಖಾನೆಯ ನಳಿಗೆಯ ಬುಡದಲ್ಲಿ ಅಂಡಾಕಾರದೊಳಗೆ ಜೆಎಂ ಎಂಬ ಪುಟ್ಟ ಮುದ್ರೆ ಇರುತ್ತದೆ, ಜಾನ್ ಮಾರ್ಲಿನ್ ಹೆಸರಿನದು. ಅಣ್ಣನ ಮಗನಿಗೆ ಆ ಜಾಗದ ಫೋಟೊ ಕೇಳಲು ಹೇಳಿ. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡು, ದೊಡ್ಡ ತೋಟಾದ 1895 ಎಂಬ ಮಾಡೆಲನ್ನು ಮೊದಲು ಹೊರತಂದಿತು. .22ಕ್ಕೆ ಆ ಮೊದಲ ಸಾಲಿನಲ್ಲಿ ಜಾಗ ಸಿಗಲಿಲ್ಲ. ಹೊಸ 39ಎ ಬಂದರೆ ಹಳೆಯದರ ಬೆಲೆ ಇಳಿಯುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜೆಎಂ ಮುದ್ರೆ ಬೇಕೆನ್ನುವವನು ಹೊಸದರ ಅಂಗಡಿಗೆ ಹೋಗುವುದೇ ಇಲ್ಲ.

ಇನ್ನೊಂದು ಪರೀಕ್ಷೆ ಉಂಟು, ಇದನ್ನು ಫೋಟೊದಲ್ಲಿ ನೋಡಲಾಗದು. ಬಂದೂಕು ಖಾಲಿ ಎಂದು ಖಚಿತ ಮಾಡಿಕೊಂಡು, ಲಿವರ್ ತೆರೆದು, ಟಾರ್ಚ್ ಹಿಡಿದು ತೋಟಾ ಕೂರುವ ಬಾಯಿಯ ಅಂಚು ನೋಡಬೇಕು. ಈ .22 ರಿಮ್‌ಫೈರ್ ಜಾತಿಯ ತೋಟಾ, ಅದರಲ್ಲಿ ಸಿಡಿಮದ್ದು ಬುಡದ ಅಂಚಿನೊಳಗೇ ಇರುತ್ತದೆ, ಹಾಗಾಗಿ ಸೂಜಿ ಹೊಡೆಯುವುದು ಅಂಚಿಗೆ. ತೋಟಾ ಇಲ್ಲದೆ ಸುಮ್ನೆ ಕಟಕಟ ಎನಿಸುತ್ತಾ ಕೂತವರ ಬಂದೂಕಿನಲ್ಲಿ ಆ ಸೂಜಿ ನಳಿಗೆಯ ಬಾಯಿಗೇ ಹೊಡೆದು ಸಣ್ಣ ತಗ್ಗು ಮಾಡಿರಬಹುದು. ಉಗುರಿಗೆ ಸಿಗುತ್ತದೆ. ಆ ತಗ್ಗು ಇದ್ದರೆ ಬೆಲೆ ಇಳಿಸಿ ಕೇಳಬಹುದು, ಅಥವಾ ಬಿಟ್ಟು ಬರಬಹುದು.

ಪ್ರಶ್ನೆ: ಸಿನಿಮಾದಲ್ಲಿ ಲಿವರ್ ಬಂದೂಕನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸಿ ತೋಟಾ ಏರಿಸುತ್ತಾರೆ. ನಿಜವಾಗಿ ಆಗುತ್ತದಾ?
(ಕಾಲೇಜು ವಿದ್ಯಾರ್ಥಿ, ಠಾಣೆ)

ಅದಕ್ಕೆಂದೇ ಲಿವರಿನ ಬಳೆ ದೊಡ್ಡದು ಮಾಡಿಸಿರುತ್ತಾರೆ. ಮಾಮೂಲಿ ಬಳೆಯಲ್ಲಿ ತಿರುಗಿಸಿದರೆ ಬೆರಳಿನ ಗೆಣ್ಣು ಹೋಗುತ್ತದೆ. ಓದ್ಕೋ ಹೋಗಪ್ಪಾ.

ಪ್ರಶ್ನೆ: ನಮ್ಮ ಯಜಮಾನರು ಎಂಟು ತಿಂಗಳ ಹಿಂದೆ ಹೋದರು. ಅವರು ವಯಸ್ಸಿನಲ್ಲಿ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದರು. ಅವರ ಬಿಎಸ್‌ಎ .22 ಬಂದೂಕು, ಕೆಳಗೆ ಲಿವರ್ ಇರುವುದು, ಅಟ್ಟದ ಮೇಲೆ ಟ್ರಂಕಿನಲ್ಲಿದೆ. ತೋಟಾ ಒಂದು ಡಬ್ಬಿ ಇದೆ. ಇಂಥದ್ದಕ್ಕೆ ಅಮೆರಿಕದಲ್ಲಿ ಲಕ್ಷಗಟ್ಟಲೆ ಇದೆ ಅಂತ ಮೈದುನ ಹೇಳುತ್ತಾನೆ. ಅಂಗಡಿಯವರು ಹೇಳಿದ ಬೆಲೆ ಕೇಳಿ ಅಳು ಬಂತು. ಏನು ಮಾಡಲಿ?
(ಗೃಹಿಣಿ, ಕೋಥ್ರೂಡ್, ಪುಣೆ)

ಅಕ್ಕಾ, ಬೆಲೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಮೊದಲು ಬಂದೂಕು ಅಟ್ಟದಿಂದ ಇಳಿದು ಮನೆಯಿಂದ ಆಚೆ ಹೋಗಲಿ.

ಲೈಸೆನ್ಸ್ ಇದ್ದಿದ್ದು ಯಜಮಾನರ ಹೆಸರಿಗೆ. ಅವರು ಹೋದ ಮೇಲೆ ಆ ಬಂದೂಕು ನಿಮ್ಮ ಮನೆಯಲ್ಲಿ ಇರುವುದಕ್ಕೆ ಕಾಗದದ ಆಧಾರ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ, ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಬೇಕು. ಎಂಟು ತಿಂಗಳು ಆಯಿತೆಂದು ಹೆದರಿ ಇನ್ನೂ ಎಂಟು ತಿಂಗಳು ಇಡಬೇಡಿ. ದುಃಖದ ಮನೆ, ಮರೆತಿರುತ್ತೀರಿ. ಇದ್ದದ್ದು ಇದ್ದ ಹಾಗೆ ಬರೆದುಕೊಡಿ.

ಒಂದು ಎಚ್ಚರ. ಬಂದೂಕನ್ನು ಚಾದರದಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಬೇಡಿ. ಮೊದಲು ಬರಿಗೈಯಲ್ಲಿ ಠಾಣೆಗೆ ಹೋಗಿ. ಲೈಸೆನ್ಸ್ ಪುಸ್ತಕದ ಜೆರಾಕ್ಸ್, ಮರಣ ಪ್ರಮಾಣಪತ್ರ, ಒಂದು ಅರ್ಜಿ ಸಾಕು. ಹೇಗೆ ತರಬೇಕು ಎಂದು ಅವರೇ ಹೇಳುತ್ತಾರೆ, ಕೆಲವು ಸಲ ಸಿಬ್ಬಂದಿಯನ್ನೇ ಕಳಿಸುತ್ತಾರೆ. ತೋಟಾ ಡಬ್ಬಿಯನ್ನೂ ಕೊಡಿ, ಎಣಿಸಿ ಕೊಡಿ. ರಸೀದಿಯಲ್ಲಿ ಮೂರು ವಿಷಯ ಇರಲೇಬೇಕು: ಮಾಡಿದ ಕಂಪನಿ, ಬೋರ್ (ನಳಿಗೆಯ ಅಳತೆ), ನಂಬರ್. "ಒಂದು ಹಳೇ ರೈಫಲ್" ಎಂದು ಬರೆದ ರಸೀದಿ ತೆಗೆದುಕೊಳ್ಳಬೇಡಿ. ನಂಬರನ್ನು ನೀವೇ ಒಂದೊಂದು ಅಂಕಿ ಓದಿ ತಾಳೆ ನೋಡಿ. 3ನ್ನು 8 ಎಂದು ಬರೆದ ಒಂದು ರಿಜಿಸ್ಟರಿನಿಂದ ಒಂದು ಕುಟುಂಬ ವರ್ಷಗಟ್ಟಲೆ ಅಲೆದಿದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ಎರಡು ದಾರಿ. ಮಗನಿಗೋ ಮಗಳಿಗೋ ಶೂಟಿಂಗಿನಲ್ಲಿ ಆಸಕ್ತಿ ಇದ್ದರೆ ವಾರಸುದಾರರಾಗಿ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಪುಣೆ ನಗರದಲ್ಲಿ ಅದು ಪೊಲೀಸ್ ಕಮಿಷನರ್ ಕಚೇರಿಯ ಕೆಲಸ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ, ಮನೆಯವರ ಜೊತೆ ಅದರ ಮಾತು ಈಗಲೇ ಆಡಿ. ಬೇಡವೆಂದರೆ ಡೀಲರ್ ಮೂಲಕ ಮಾರಿ. ನೇರವಾಗಿ ಇನ್ನೊಬ್ಬ ಲೈಸೆನ್ಸ್‌ದಾರರಿಗೆ ಮಾರುವ ಕ್ರಮವೂ ಇದೆ. ಅದಕ್ಕೆ ಮೊದಲು ಲಿಖಿತ ತಿಳಿವಳಿಕೆ ಕೊಟ್ಟು 45 ದಿನ ಕಾಯಬೇಕು. ನಿಮಗೆ ಅದೆಲ್ಲ ಯಾಕೆ, ಡೀಲರ್ ದಾರಿಯೇ ಸಲೀಸು.

ಇನ್ನು ಮೈದುನರ ಲಕ್ಷದ ಲೆಕ್ಕ. ಕೆಳಗೆ ಲಿವರ್ ಇದ್ದ ಮಾತ್ರಕ್ಕೆ ಅದು ವಿಂಚೆಸ್ಟರ್ ಕುಲದ್ದಲ್ಲ ಅಕ್ಕಾ. ಯಜಮಾನರದ್ದು ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯ ಮಾರ್ಟಿನಿ ಇರಬೇಕು. ಲಿವರ್ ಕೆಳಗೆ ಒತ್ತಿದರೆ ಒಳಗಿನ ಅಡ್ಡಗಟ್ಟಿ ಕೆಳಕ್ಕೆ ಬಾಗುತ್ತದೆ, ಹೆಬ್ಬೆರಳಿನಿಂದ ಒಂದು ತೋಟಾ ತಳ್ಳಿ ಲಿವರ್ ಎತ್ತಬೇಕು. ಒಂದು ಹೊಡೆತಕ್ಕೆ ಒಂದು ತೋಟಾ. ಗುರಿ ಎಂದರೆ ಗುರಿ, ಭಾರವೂ ಹಾಗೆಯೇ. ಒಂದು ಕಾಲಕ್ಕೆ ಕ್ಲಬ್ಬುಗಳಲ್ಲಿ ಅದರದ್ದೇ ರಾಜ್ಯ. ಈಗ ಬಾಲೇವಾಡಿ ರೇಂಜಿಗೆ ಹೋಗಿ ನೋಡಿ, ಮಕ್ಕಳ ಕೈಯಲ್ಲಿ ವಾಲ್ತರ್, ಆನ್‌ಶುಟ್ಸ್ ಕಂಪನಿಗಳ ರೈಫಲ್. 2024ರಲ್ಲಿ ಕೊಲ್ಹಾಪುರದ ಹುಡುಗ ಸ್ವಪ್ನಿಲ್ ಕುಸಾಳೆ ಪ್ಯಾರಿಸಿನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಿದ್ದೂ .22 ತೋಟಾದಲ್ಲೇ. ಆದರೆ ಪದಕದ ಆಸೆಯ ಹುಡುಗರು ಮಾರ್ಟಿನಿ ಕೇಳಿ ಬರುವುದಿಲ್ಲ.

ಇಲ್ಲಿನ ಬೆಲೆ ಕುಸಿದಿದ್ದಕ್ಕೆ ಇನ್ನೊಂದು ಕಾರಣವಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಬಂದೂಕು ಎಂದಿದ್ದದ್ದು ಎರಡಾಯಿತು. ಮೂರು ಇದ್ದವರು ಒಂದನ್ನು ಒಪ್ಪಿಸಬೇಕಾಯಿತು. ಆತ್ಮರಕ್ಷಣೆಯ ಪಿಸ್ತೂಲು ಬಿಡಲು ಮನಸ್ಸಿಲ್ಲ, ಅಜ್ಜನ ಹನ್ನೆರಡು ಬೋರ್ ಬಂದೂಕು ಬಿಡಲು ಮನಸ್ಸಿಲ್ಲ. ನನಗೆ ಪರಿಚಯ ಇದ್ದವರಲ್ಲಿ ಮೊದಲು ಮನೆ ಬಿಟ್ಟಿದ್ದು .22. ಅಮೆರಿಕದಲ್ಲಿ ಬಂದೂಕಿಗೆ ಗಿರಾಕಿ ಸಿಕ್ಕರೆ ಸಾಕು. ಇಲ್ಲಿ ಗಿರಾಕಿಯ ಲೈಸೆನ್ಸಿನಲ್ಲಿ ಖಾಲಿ ಜಾಗವೂ ಇರಬೇಕು. ಆ ಜಾಗಕ್ಕೇ ಬೆಲೆ. ಅಂಗಡಿಯವರು ಹೇಳಿದ್ದು ಅನ್ಯಾಯದ ಬೆಲೆ ಎಂದು ನನಗನ್ನಿಸುವುದಿಲ್ಲ. ಆದರೂ ಇನ್ನೊಂದು ಅಂಗಡಿಯಲ್ಲಿ ಕೇಳಿ ನೋಡಿ. ಟ್ರಂಕಿನಲ್ಲಿ ಕ್ಲಬ್ಬಿನ ಗುರಿ ಕಾಗದಗಳು, ಪೀಪ್ ಸೈಟಿನ (ಗುರಿ ನೋಡುವ ಕಿಂಡಿಯ) ಡಬ್ಬಿ, ಕ್ಯಾನ್‌ವಾಸ್ ಪಟ್ಟಿ ಇದ್ದರೆ ಬಿಸಾಡಬೇಡಿ. ಸೈಟ್ ಜೊತೆಗಿದ್ದರೆ ಬೆಲೆ ಸ್ವಲ್ಪ ಮೇಲಾಗುತ್ತದೆ. ಗುರಿ ಕಾಗದ ಮಾತ್ರ ಮನೆಯಲ್ಲೇ ಇರಲಿ, ಅದಕ್ಕೆ ಲೈಸೆನ್ಸ್ ಬೇಡ.

ಪ್ರಶ್ನೆ: ನಾನು ಮಡಿಕೇರಿ ಕಡೆಯ ಕೊಡವ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷಕ್ಕೆ ಅಮೆರಿಕಕ್ಕೆ ಹೋಗುತ್ತಿದ್ದೇನೆ. ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಬರುವಾಗ ಒಂದು 9422 ತಂದು ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಇಡಬಹುದಾ? ಕೈಲ್ ಪೊಳ್ದ್ (ನಮ್ಮ ಆಯುಧಪೂಜೆ ಹಬ್ಬ) ದಿನ ತೋಕ್ (ಕೋವಿ) ಸಾಲಿನಲ್ಲಿ ಚೆನ್ನಾಗಿ ಕಾಣುತ್ತದೆ.

ಕಾಣುವುದೇನೋ ಕಾಣುತ್ತದೆ ತಮ್ಮಾ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದೆ, ಸರಿ. ಅದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿನ ಬಾಗಿಲು. ವಿಮಾನ ನಿಲ್ದಾಣದ ಕಸ್ಟಮ್ಸ್ ಬೇರೆ ಬಾಗಿಲು, ಅಲ್ಲಿ ಬೇರೆ ಕಾವಲುಗಾರ. ವಿದೇಶದಿಂದ ಖಾಸಗಿಯವರು ಬಂದೂಕು ತರುವುದು ಎಂಬತ್ತರ ದಶಕದಿಂದಲೇ ಹೆಚ್ಚುಕಡಿಮೆ ಬಂದ್. ವಾಸ ಬದಲಿಸಿ ಮರಳುವವರಿಗೆ ಒಂದು ಸಣ್ಣ ಕಿಂಡಿ ಇದೆ: ಒಂದೇ ಬಂದೂಕು, ಅಲ್ಲಿ ಒಂದು ವರ್ಷವಾದರೂ ನಿನ್ನ ಹತ್ತಿರ ಇದ್ದು ಬಳಸಿರಬೇಕು, ಸುಂಕ ಕಟ್ಟಬೇಕು, ಲೈಸೆನ್ಸ್ ತೋರಿಸಬೇಕು, ತಂದ ಮೇಲೆ ಮಾರುವುದಕ್ಕೂ ಕಟ್ಟುಪಾಡು. ಲೈಸೆನ್ಸ್ ಜಾಗದಲ್ಲಿ ನಿನ್ನ ವಿನಾಯಿತಿ ಪತ್ರ ನಡೆಯುತ್ತದಾ ಎಂದು ಹೋಗುವ ಮೊದಲೇ ಕಸ್ಟಮ್ಸ್‌ಗೆ ಬರೆದು, ಉತ್ತರವನ್ನು ಬರಹದಲ್ಲೇ ತೆಗೆದುಕೋ. ಅಮೆರಿಕದಿಂದ ಹೊರಗೆ ಕಳಿಸುವುದಕ್ಕೂ ಅಲ್ಲಿನ ರಫ್ತು ನಿಯಮ ಬೇರೆ. ಮೇಲೆ ಡೊಂಬಿವಲಿಯವರಿಗೆ ಬರೆದ ವೀಸಾ ಮಾತು ನಿನಗೂ ಅನ್ವಯ.

ಇಷ್ಟೆಲ್ಲ ಆಗಿ ತಂದರೂ, ಅಲ್ಲಿನ ಬೆಲೆ ಏರಿದರೆ ನಿನಗೆ ಮೂರು ಕಾಸಿನ ಲಾಭವಿಲ್ಲ. ಇಲ್ಲಿ ಮಾರುವಂತಿಲ್ಲ, ಅಲ್ಲಿಗೆ ವಾಪಸ್ ಒಯ್ಯುವುದು ಇನ್ನೂ ಕಷ್ಟ. ಅಲ್ಲಿ ರೇಂಜಿನಲ್ಲಿ ಬಾಡಿಗೆಗೆ ಸಿಕ್ಕರೆ ಮನಸಾರೆ ಹೊಡೆದು ಬಾ.

ಪ್ರಶ್ನೆ: ಮಡಗಾಂವ್‌ನಲ್ಲಿ ನಮ್ಮ ರೆಸ್ಟೋರೆಂಟ್ ಇದೆ. ಗೋಡೆಗೆ ಹಾಕಲು ಒಬ್ಬರು ತುಕ್ಕು ಹಿಡಿದ ಲಿವರ್ ಬಂದೂಕು ಕೊಡುತ್ತೇನೆ ಅನ್ನುತ್ತಾರೆ. ಆಂಟಿಕ್, ಲೈಸೆನ್ಸ್ ಬೇಡವಂತೆ. ಹೌದಾ?

ಹಳತಾದರೆ ಸಾಲದು. ರಿಪೇರಿ ಮಾಡಿದರೂ ಹೊಡೆಯಲಾರದು ಎನ್ನುವ ಸ್ಥಿತಿಯಲ್ಲಿ ಇದ್ದರೆ ಮಾತ್ರ ಕಾಯ್ದೆಯ 45ನೇ ಕಲಮು ಬಿಡುತ್ತದೆ. ತುಕ್ಕು ಹಿಡಿದದ್ದನ್ನು ಒಳ್ಳೇ ಮಿಸ್ತ್ರಿ ಎರಡು ದಿನದಲ್ಲಿ ಹೊಡೆಯುವ ಹಾಗೆ ಮಾಡಿಯಾನು, ಆಗ ನಿಮ್ಮ ಗೋಡೆಯ ಮೇಲಿರುವುದು ಲೈಸೆನ್ಸ್ ಇಲ್ಲದ ಬಂದೂಕು. ಕೊಡುವವರ ಹತ್ತಿರ ಕಾಗದ ಕೇಳಿ. ನಂಬರ್ ಇರಬೇಕಾದ ಜಾಗದಲ್ಲಿ ಉಜ್ಜಿದ ಗುರುತು ಕಂಡರೆ ಕೈಯಿಂದ ಮುಟ್ಟಲೂ ಬೇಡಿ, ಚಹಾ ಕುಡಿಸಿ ಕಳಿಸಿಬಿಡಿ. ಗೋಡೆ ಖಾಲಿ ಅನ್ನಿಸಿದರೆ ಮರದ ಮಾದರಿ ಮಾಡಿಸಿ ಹಾಕಿ. ಮಡಗಾಂವ್‌ನಲ್ಲಿ ಬಡಗಿಗಳಿಗೆ ಬರವಿಲ್ಲ.